ಪ್ರಾಂತವೋ ವಸಾಹತೋ: ಗೋವೆಯ ಪ್ರಶ್ನೆ

1956ನೆಯ ಇಸವಿ ಫೆಬ್ರವರಿ 24ರಂದು ವಿಶ್ವಸಂಸ್ಥೆಯ ಮಹಾಕಾರ್ಯದರ್ಶಿಗಳ ಕಚೇರಿಯಿಂದ, ಎರಡು ತಿಂಗಳ ಹಿಂದೆಯಷ್ಟೇ ಆ ಸಂಸ್ಥೆಯ ಸದಸ್ಯತ್ವವನ್ನು ಪಡೆದಿದ್ದ ರಾಷ್ಟ್ರಗಳಿಗೆ ಒಂದು ಪತ್ರ ಹೋಯಿತು. ಅದರಲ್ಲಿ ಕೇಳಿದ್ದ ಸಂಗತಿ ಒಂದೇ: ತಮ್ಮ ಜನ ಪೂರ್ಣವಾದ ಸ್ವಯಮಾಡಳಿತವನ್ನು ಇನ್ನೂ ಪಡೆಯದಿರುವಂಥ ಪ್ರದೇಶಗಳು, ಸನ್ನದಿನ 73ನೆಯ ವಿಧಿಯ ಅರ್ಥದಲ್ಲಿ, ತಮ್ಮ ಆಳ್ವಿಕೆಯಲ್ಲಿ ಯಾವುವಾದರೂ ಇವೆಯೇ? ಆಫ್ರಿಕಾ ಖಂಡದಲ್ಲಿ ಅಂಗೋಲ, ಮೊಜಾಂಬಿಕ್, ಗಿನಿಗಳನ್ನೂ, ಅಟ್ಲಾಂಟಿಕ್ ಸಾಗರದಲ್ಲಿ ಕೇಪ್ ವರ್ಡ್ ಮತ್ತು ಸಾವೊ ತೊಮೆ ದ್ವೀಪಗಳನ್ನೂ, ಚೀನದ ಅಂಚಿನಲ್ಲಿ ಮಕಾವನ್ನೂ, ಅದರಾಚೆ ತಿಮೋರನ್ನೂ, ನಮ್ಮ ಪಶ್ಚಿಮ ಕರಾವಳಿಯಲ್ಲಿ ಗೋವೆ, ದಮನ್, ದೀವ್‌ಗಳನ್ನೂ ಆಳುತ್ತಿದ್ದ ಪೋರ್ಚುಗಲ್ ಕೊಟ್ಟ ಉತ್ತರ, ತನ್ನಲ್ಲಿ ಅಂಥ ಪ್ರದೇಶ ಒಂದೂ ಇಲ್ಲವೆಂಬುದು.

ಈ ಉತ್ತರವನ್ನು ಬರಿಯ ಸುಳ್ಳೆಂದು ತಳ್ಳಿಹಾಕಿದರೆ ಪ್ರಶ್ನೆಯ ಆಳ ನಮಗೆ ತಿಳಿಯದೆ ಹೋಗುತ್ತದೆ. ಪೋರ್ಚುಗಲ್ಲಿನ ರಾಜ್ಯಾಂಗದ ಪ್ರಕಾರ ಅಂದು ವಸಾಹತು ಎಂಬ ವರ್ಗವೇ ಇರಲಿಲ್ಲ. ಮಿನ್ಯೊ ನದೀತೀರದಿಂದ ತಿಮೋರಿನವರೆಗೂ ಒಂದೇ ರಾಷ್ಟ್ರ, ಒಂದೇ ಪ್ರಜಾಸಮೂಹ, ನಡುವೆ ಸಮುದ್ರವಿದ್ದುದು ಪ್ರಕೃತಿಯ ಆಕಸ್ಮಿಕವೆಂದು ಅದು ವಾದಿಸುತ್ತಿದ್ದಿತು. ಒಂದು ಭೂಭಾಗ ವಸಾಹತೆನಿಸುವುದು ಯಾವುದರಿಂದ? ಆಳುವವರ ಶಾಸನದಲ್ಲಿ ಬರೆದಿರುವ ಹೆಸರಿನಿಂದಲೋ, ನಡುವಣ ಕಡಲಿನಿಂದಲೋ, ಜನದ ಕುಲ ಭಾಷೆಗಳಿಂದಲೋ, ಅಥವಾ ಇವೆಲ್ಲಕ್ಕಿಂತ ಆಚೆಯ ಯಾವುದಾದರೊಂದು ಲಕ್ಷಣದಿಂದಲೋ? ವಿಶ್ವಸಂಸ್ಥೆ ಈ ಪ್ರಶ್ನೆಗೆ ಉತ್ತರ ಕಂಡುಕೊಳ್ಳುವುದಕ್ಕೆ ಹದಿನೈದು ವರ್ಷ ಹಿಡಿಯಿತು. ಆ ಉತ್ತರ ರೂಪುಗೊಂಡುದರಲ್ಲಿ ನಮ್ಮ ನೆರೆಯ ಗೋವೆಯದು ಸಣ್ಣ ಪಾತ್ರವೇನಲ್ಲ.

1945ರಲ್ಲಿ ಸನ್ನದನ್ನು ರಚಿಸಿದವರು ಅದರ ಹನ್ನೊಂದನೆಯ ಅಧ್ಯಾಯದಲ್ಲಿ, ಸ್ವಯಮಾಡಳಿತವಿಲ್ಲದ ಜನರನ್ನು ಆಳುವುದು ಪವಿತ್ರವಾದ ನ್ಯಾಸವೆಂದೂ, ಅಲ್ಲಿನ ನಿವಾಸಿಗಳ ಹಿತವೇ ಪರಮವೆಂದೂ, ಆ ಪ್ರದೇಶಗಳ ಆರ್ಥಿಕ, ಸಾಮಾಜಿಕ, ಶೈಕ್ಷಣಿಕ ಸ್ಥಿತಿಗತಿಗಳ ವರದಿಯನ್ನು ಮಹಾಕಾರ್ಯದರ್ಶಿಗಳಿಗೆ ಕಾಲಕಾಲಕ್ಕೆ ಕಳುಹಿಸತಕ್ಕದ್ದೆಂದೂ ಬರೆದರು. ಆದರೆ ಅಂಥ ಪ್ರದೇಶ ಯಾವುದೆಂಬುದನ್ನು ನಿರ್ಧರಿಸತಕ್ಕವರು ಯಾರೆಂಬುದನ್ನು ಬರೆಯಲಿಲ್ಲ. 1946ರಲ್ಲಿ ಬ್ರಿಟನ್, ಫ್ರಾನ್ಸ್, ಅಮೆರಿಕ, ನೆದರ್ಲೆಂಡ್ಸ್ ಮೊದಲಾದ ಎಂಟು ರಾಷ್ಟ್ರಗಳು ತಾವಾಗಿಯೇ ಮುಂದೆ ಬಂದು 74 ಪ್ರದೇಶಗಳ ಹೆಸರನ್ನು ಪಟ್ಟಿಗೆ ಬರೆಯಿಸಿದುವು. ಸಾಲಗಾರನೇ ಸಾಲದ ಲೆಕ್ಕವನ್ನು ಬರೆಯತಕ್ಕ ಈ ವ್ಯವಸ್ಥೆಯಲ್ಲಿ, ತನಗೆ ಸಾಲವೇ ಇಲ್ಲವೆನ್ನುವವನನ್ನು ಏನು ಮಾಡಬೇಕೆಂಬುದಕ್ಕೆ ವಿಧಿಯಿರಲಿಲ್ಲ. 1955ರ ಡಿಸೆಂಬರ್ 14ರಂದು ಪೋರ್ಚುಗಲ್ ಸದಸ್ಯರಾಷ್ಟ್ರವಾದಾಗ ಈ ಕೊರತೆ ಎಲ್ಲರ ಕಣ್ಣಿಗೂ ಬಿದ್ದಿತು.

ಪೋರ್ಚುಗಲ್ಲಿನ ವಾದಕ್ಕೆ ಒಂದು ವಂಶಾವಳಿಯಿದ್ದಿತು. 1822ರ ಅದರ ಉದಾರ ರಾಜ್ಯಾಂಗ ಗೋವೆಯನ್ನು ರಾಷ್ಟ್ರದ ಅಂಗವೆಂದು ಎಣಿಸಿ, ಲಿಸ್ಬನ್ನಿನ ಸಂಸತ್ತಿಗೆ ಪ್ರತಿನಿಧಿಗಳನ್ನು ಕಳುಹಿಸುವ ಹಕ್ಕನ್ನು ಅದಕ್ಕೆ ಕೊಟ್ಟಿದ್ದಿತು. ಬ್ರಿಟಿಷ್ ಭಾರತದಲ್ಲಿ ಅಂಥ ಕಲ್ಪನೆಯೇ ಯಾರಿಗೂ ಹೊಳೆಯದಿದ್ದ ಕಾಲದಲ್ಲಿ ಗೋವೆಯ ಮಗನೊಬ್ಬ ಯೂರೋಪಿನ ಶಾಸನಸಭೆಯಲ್ಲಿ ಕುಳಿತುಕೊಂಡುದು ಸಾಮಾನ್ಯವಾದ ಸಂಗತಿಯಲ್ಲ. ಅವರಲ್ಲೊಬ್ಬರು ಬೆರ್ನಾರ್ದೊ ಪೆರೆಸ್ ದ ಸಿಲ್ವ. ಮುಂದೆ ಅವರನ್ನೇ ಗೋವೆಯ ಆಡಳಿತಾಧಿಪತಿಯನ್ನಾಗಿ ಲಿಸ್ಬನ್ ನೇಮಿಸಿತು. 1835ರ ಜನವರಿಯಲ್ಲಿ ಅವರು ಅಧಿಕಾರವನ್ನು ವಹಿಸಿಕೊಂಡರು. ಹದಿನೇಳು ದಿನಗಳಲ್ಲಿ ಸೇನೆ ದಂಗೆಯೆದ್ದು ಅವರನ್ನು ಕೆಳಗಿಳಿಸಿತು. ಅವರು ಮುಂಬಯಿಗೆ ಆಶ್ರಯವನ್ನರಸಿ ಹೋಗಬೇಕಾಯಿತು. ಆ ಪದವಿಗೆ ಮತ್ತೊಬ್ಬ ಗೋವೆಯವನನ್ನು ಪೋರ್ಚುಗಲ್ ನೇಮಿಸಲೇ ಇಲ್ಲ. ಮನೆಯ ಮಗನೆಂದು ಬಾಯ್ತುಂಬ ಕರೆದರೂ ಯಜಮಾನಿಕೆಯ ಮಾತು ಬಂದಾಗ ಜಗುಲಿಯಿಂದೀಚೆಗೆ ಬಿಡಲಿಲ್ಲವೆಂಬುದಕ್ಕೆ ಈ ಹದಿನೇಳು ದಿನಗಳೇ ಸಾಕ್ಷಿ.

ಇಪ್ಪತ್ತನೆಯ ಶತಮಾನದಲ್ಲಿ ಆ ಕರೆಯುವಿಕೆಯೂ ನಿಂತಿತು. 1926ರ ಸೈನಿಕ ಕ್ರಾಂತಿಯ ತರುವಾಯ ಅಧಿಕಾರಕ್ಕೆ ಬಂದ ಅಂಟೋನಿಯೊ ದ ಒಲಿವೈರ ಸಾಲಜಾರ್, ವಸಾಹತುಗಳ ಖಾತೆಯನ್ನು ಕೆಲಕಾಲ ತಾನೇ ಹೊತ್ತಿದ್ದಾಗ, 1930ರಲ್ಲಿ ವಸಾಹತು ಶಾಸನವೊಂದನ್ನು ಹೊರಡಿಸಿದನು. ಸಮುದ್ರದಾಚೆಯ ನಾಡುಗಳನ್ನು ತನ್ನ ಒಡೆತನದಲ್ಲಿ ಇರಿಸಿಕೊಂಡು ಅಲ್ಲಿ ವಸಾಹತನ್ನು ಹೂಡಿ ಮೂಲನಿವಾಸಿಗಳನ್ನು ನಾಗರಿಕರನ್ನಾಗಿ ಮಾಡುವುದು ಪೋರ್ಚುಗೀಸ್ ರಾಷ್ಟ್ರದ ಸಹಜಸ್ವರೂಪವೆಂದೂ ಚಾರಿತ್ರಿಕ ಕರ್ತವ್ಯವೆಂದೂ ಆ ಶಾಸನ ಸಾರಿತು. ಗೋವೆ ಆಗ ವಸಾಹತೇ. ಶಾಸನದ ಮಾತೇ ಹಾಗಿದ್ದಿತು. ಆ ವರ್ಷದ ಜುಲೈ ತಿಂಗಳಿನಲ್ಲೇ ಪಣಜಿಯ ಶಾಸನಸಭೆಯಲ್ಲಿ ಪತ್ರಿಕೋದ್ಯಮಿ ಲೂಯಿಸ್ ದ ಮೆನೆಜಿಸ್ ಬ್ರಗಾನ್ಸ ಎದ್ದುನಿಂತು, ತನ್ನ ಭವಿತವ್ಯವನ್ನು ತಾನೇ ನಿರ್ಧರಿಸಿಕೊಳ್ಳುವ ಹಕ್ಕು ಎಲ್ಲ ಜನಾಂಗಗಳಿಗೂ ಇರುವಂತೆ ಪೋರ್ಚುಗೀಸ್ ಭಾರತಕ್ಕೂ ಇದೆಯೆಂದೂ, ಅದನ್ನು ಈ ನಾಡು ಬಿಟ್ಟುಕೊಡಲಾರದೆಂದೂ ಒಂದು ನಿರ್ಣಯವನ್ನು ಮಂಡಿಸಿದರು. ಅವರ ಆಯುಷ್ಯ 1938ರಲ್ಲಿ ಮುಗಿಯಿತು. ವಿಶ್ವಸಂಸ್ಥೆ ಹುಟ್ಟುವುದಕ್ಕೆ ಹದಿನೈದು ವರ್ಷ ಮುಂಚೆ, ಆಳುವವರ ಎದುರಿಗೇ ನಿಂತು ಆಡಿದ ಈ ಮಾತಿಗೆ ಸಲ್ಲಬೇಕಾದ ಗೌರವ ನಮ್ಮ ಸ್ವಾತಂತ್ರ್ಯೇತಿಹಾಸಗಳಲ್ಲಿ ಇನ್ನೂ ಸಂದಿಲ್ಲ.

ಎರಡನೆಯ ಮಹಾಯುದ್ಧ ಮುಗಿದು, ಭಾರತ ಸ್ವತಂತ್ರವಾಗಿ, ವಸಾಹತೆಂಬ ಮಾತು ಲೋಕದ ಕಿವಿಗೆ ಕಟುವಾಗತೊಡಗಿದ ಮೇಲೆ, 1951ರಲ್ಲಿ ಸಾಲಜಾರನ ಸರ್ಕಾರ ರಾಜ್ಯಾಂಗವನ್ನು ತಿದ್ದಿತು. ಇದ್ದ ವಸಾಹತುಗಳೆಲ್ಲ ಸಾಗರೋತ್ತರ ಪ್ರಾಂತಗಳಾದುವು; ವಸಾಹತುಗಳ ಸಚಿವಾಲಯ ಸಾಗರೋತ್ತರ ಸಚಿವಾಲಯವಾಯಿತು. ಗೋವೆಯನ್ನು ಆಳತಕ್ಕ ಗೌರ್ನರ್ ಜನರಲ್ಲನು ಮೊದಲಿನಂತೆಯೇ ಲಿಸ್ಬನ್ನಿನಿಂದ ನೇಮಕಗೊಂಡು ಬರುತ್ತಿದ್ದನು; ಪತ್ರಿಕೆಗಳ ಮೇಲಣ ನಿರ್ಬಂಧ ಮೊದಲಿನಂತೆಯೇ ಇದ್ದಿತು; ಸಭೆ ಸೇರುವುದಕ್ಕೆ ಅಪ್ಪಣೆ ಬೇಕಾಗಿದ್ದುದೂ ಮೊದಲಿನಂತೆಯೇ. ಈ ಪ್ರಾಂತಗಳಲ್ಲಿ ಒಂದನ್ನಾದರೂ ತನ್ನ ದೀರ್ಘವಾದ ಆಳ್ವಿಕೆಯಲ್ಲಿ ಸಾಲಜಾರ್ ಕಣ್ಣಾರೆ ಕಾಣಲಿಲ್ಲ.

ಗೋವೆ ಪೋರ್ಚುಗೀಸರ ಕೈಸೇರಿದ ಬಗೆಯನ್ನು ಇಲ್ಲಿ ಸ್ವಲ್ಪ ನೆನೆಯಬೇಕು. ಏಕೆಂದರೆ ನಾನೂರೈವತ್ತು ವರ್ಷಗಳ ಅನ್ಯೋನ್ಯವೆಂಬುದು ಅವರ ವಾದದ ದೊಡ್ಡ ಆಧಾರವಾಗಿದ್ದಿತು. ವಿಜಾಪುರದ ಆದಿಲಶಾಹರ ವಶದಲ್ಲಿದ್ದ ಗೋವೆಯನ್ನು ಅಫೊನ್ಸೊ ದ ಅಲ್ಬುಕರ್ಕ್ 1510ರಲ್ಲಿ ಹಿಡಿದನು. ಒಮ್ಮೆ ಕಳೆದುಕೊಂಡು ನವೆಂಬರ್ 25ರಂದು ಮತ್ತೆ ಗೆದ್ದನು. ಅವನಿಗೆ ಆ ದಾರಿಯನ್ನು ತೋರಿಸಿದವನು ನಮ್ಮ ಹೊನ್ನಾವರದ ಕಡಲಾಳು ತಿಮ್ಮೋಜ. ಆದರೆ ಅಂದು ಗೆದ್ದುದು ಇಂದಿನ ಗೋವೆಯಲ್ಲ. ತಿಸವಾಡಿ, ಬಾರ್ದೇಶ, ಸಾಷ್ಟಿಗಳಷ್ಟೇ ಹದಿನಾರನೆಯ ಶತಮಾನದ ಗಳಿಕೆ; ನಾಡಿನ ಮಿಕ್ಕ ಭಾಗ, ವಿಸ್ತಾರದಲ್ಲಿ ಅದೇ ಹೆಚ್ಚಿನದು, ಹದಿನೆಂಟನೆಯ ಶತಮಾನದ ಉತ್ತರಾರ್ಧದಲ್ಲಿ ಬಂದುದು. ಪೇಡಣೆ, ಡಿಚೋಲಿ, ಸತ್ತರಿಗಳು ಸಾವಂತವಾಡಿಯ ಭೋಂಸಲೆಯವರಿಂದ ಬಂದರೆ, ಫೋಂಡೆಯಿಂದ ಕಾಣಕೋಣದವರೆಗಿನ ಸೀಮೆ ನಮ್ಮ ಉತ್ತರ ಕನ್ನಡದ ಸೋದೆಯ ಅರಸುಮನೆತನದ್ದು. ಹೈದರಾಲಿಯ ಸೈನ್ಯ 1763ರ ಸುಮಾರಿಗೆ ಸೋದೆಯನ್ನು ನುಂಗಿದಾಗ ಅಲ್ಲಿನ ದೊರೆ ಘಟ್ಟವನ್ನಿಳಿದು ಪೋರ್ಚುಗೀಸರ ರಕ್ಷಣೆಯನ್ನು ಬೇಡಿ, ತನ್ನ ಸೀಮೆಯನ್ನು ಅವರ ಕೈಯಲ್ಲಿಟ್ಟು, ಫೋಂಡೆಯ ಬಳಿಯ ಬಾಂದೋಡೆಯಲ್ಲಿ ನೆಲಸಿದನು. ಆ ಸೀಮೆ ಮತ್ತೆ ಅವನಿಗೆ ದಕ್ಕಲಿಲ್ಲ. ಗೋವೆಯ ದಕ್ಷಿಣದ ಬಹುಭಾಗ ಪೋರ್ಚುಗಲ್ಲಿನ ‘ಅವಿಭಾಜ್ಯ ಅಂಗ’ವಾದುದು ಹೀಗೆ, ಆಶ್ರಯ ಬೇಡಿ ಬಂದ ಕನ್ನಡನಾಡಿನ ಅರಸನೊಬ್ಬನ ದುರ್ದೆಸೆಯಿಂದ.

ಆ ಅನ್ಯೋನ್ಯದೊಳಗೆ ಏನೇನಿದ್ದಿತೆಂಬುದು ಕೂಡ ತಿಳಿದ ವಿಷಯವೇ. 1560ರಿಂದ 1812ರವರೆಗೆ, ನಡುವೆ ಕೆಲವು ವರ್ಷ ಬಿಟ್ಟು, ಗೋವೆಯಲ್ಲಿ ಧರ್ಮವಿಚಾರಣಾ ನ್ಯಾಯಪೀಠ ನಡೆಯಿತು. 1684ರಲ್ಲಿ ಕೊಂಕಣಿಯನ್ನು ಬಿಟ್ಟು ಪೋರ್ಚುಗೀಸ್ ಭಾಷೆಯನ್ನಾಡಬೇಕೆಂಬ ಆಜ್ಞೆ ಹೊರಟಿತು. ಧರ್ಮಾಂತರಗೊಂಡವರಿಗಾದರೂ ಸಮಾನತೆ ದೊರೆಯಿತೆ? 1787ರಲ್ಲಿ ಕಾಂದೋಳಿಯ ಪಿಂಟೊ ಮನೆತನದ ಸುತ್ತ ಸೇರಿ ಸಂಚುಹೂಡಿದವರಲ್ಲಿ ಬಹುಮಂದಿ ಕ್ರೈಸ್ತ ಪಾದ್ರಿಗಳು. ದೇಶೀಯರೆಂಬ ಒಂದೇ ಕಾರಣಕ್ಕೆ ಚರ್ಚಿನ ಉನ್ನತಪದವಿಗಳು ತಮಗೆ ಮುಚ್ಚಿದ್ದುವೆಂಬುದು ಅವರ ದೂರು. ಹದಿನೈದು ಮಂದಿಯನ್ನು ಪಣಜಿಯಲ್ಲಿ ಗಲ್ಲಿಗೇರಿಸಿದರು. ಸತ್ತರಿಯ ರಾಣೆಯವರು ಹತ್ತೊಂಬತ್ತನೆಯ ಶತಮಾನದುದ್ದಕ್ಕೂ ಮತ್ತೆ ಮತ್ತೆ ಬಂಡೆದ್ದರು.

ಇಷ್ಟಾದರೂ ಇಪ್ಪತ್ತನೆಯ ಶತಮಾನದ ಗೋವೆಯ ವಿಷಯದಲ್ಲಿ ಒಂದು ತೊಡಕನ್ನು ಪ್ರಾಮಾಣಿಕವಾಗಿ ಎದುರಿಸಬೇಕು. ಅಂಗೋಲ, ಮೊಜಾಂಬಿಕ್, ಗಿನಿಗಳಲ್ಲಿ ಪೋರ್ಚುಗಲ್ ಜನರನ್ನು ಎರಡು ವರ್ಗವಾಗಿ ಒಡೆದು, ಬಹುಸಂಖ್ಯಾತರಾದ ಮೂಲನಿವಾಸಿಗಳನ್ನು ಪೌರತ್ವವಿಲ್ಲದ ಪ್ರತ್ಯೇಕ ಶಾಸನದ ಕೆಳಗಿರಿಸಿ, ಅವರಿಂದ ಬಲವಂತದ ದುಡಿಮೆಯನ್ನು ತೆಗೆಯುತ್ತಿದ್ದಿತು. ಆ ಶಾಸನ ರದ್ದಾದುದು 1961ರ ಸೆಪ್ಟೆಂಬರಿನಲ್ಲಿ. ಅಂಥ ನಾಡುಗಳು ವಸಾಹತುಗಳೆನ್ನುವುದಕ್ಕೆ ವಾದವೇ ಬೇಕಿರಲಿಲ್ಲ. ಆದರೆ ಗೋವೆಗೆ ಆ ಶಾಸನ ಅನ್ವಯಿಸಿರಲಿಲ್ಲ. 1910ರಲ್ಲಿ ಪೋರ್ಚುಗಲ್ ಗಣರಾಜ್ಯವಾದ ತರುವಾಯ ಗೋವೆಯ ಹಿಂದೂಗಳಿಗೆ ಕ್ರೈಸ್ತರೊಡನೆ ಸಮಾನವಾದ ಹಕ್ಕುಗಳು ದೊರೆತಿದ್ದುವು; ಶಾಸನದ ದೃಷ್ಟಿಯಲ್ಲಿ ಗೋವೆಯವನು ಲಿಸ್ಬನ್ನಿನವನಂತೆಯೇ ಪೌರ. ಅವನಿಗೆ ರಾಜಕೀಯ ಸ್ವಾತಂತ್ರ್ಯವಿರಲಿಲ್ಲ, ನಿಜ. ಆದರೆ ಸಾಲಜಾರನ ಸರ್ವಾಧಿಕಾರದಲ್ಲಿ ಲಿಸ್ಬನ್ನಿನವನಿಗೂ ಇರಲಿಲ್ಲ. ಪೋರ್ತೊ ನಗರದ ಜನಕ್ಕೆ ಇಲ್ಲದ ರಾಜಕೀಯ ಸ್ವಾತಂತ್ರ್ಯ ಪಣಜಿಯ ಜನಕ್ಕೆ ಇಲ್ಲವೆಂದ ಮಾತ್ರಕ್ಕೆ ಪಣಜಿ ಹೇಗೆ ವಸಾಹತಾಯಿತೆಂದು ಅವರು ಕೇಳಬಹುದಾಗಿದ್ದಿತು.

ಈ ವಾದ ನಿಲ್ಲುವುದಿಲ್ಲವೆಂದು ನನಗೆ ತೋರುತ್ತದೆ. ಪೋರ್ತೊ ನಗರದವನನ್ನು ಆಳಿದ ಸರ್ವಾಧಿಕಾರಿ ಅವನದೇ ಸಮಾಜದಲ್ಲಿ ಹುಟ್ಟಿಬಂದವನು. ಆ ಸರ್ವಾಧಿಕಾರವನ್ನು ಸಹಿಸುವ, ಉರುಳಿಸುವ, ಕಡೆಗೆ ಉರುಳಿಸಿದ ಶಕ್ತಿ ಆ ಸಮಾಜದೊಳಗೇ ಇದ್ದಿತು. ಗೋವೆಯವನು ಎಷ್ಟೇ ಒಗ್ಗಟ್ಟಾಗಿ ಎದ್ದರೂ ಲಿಸ್ಬನ್ನಿನ ಸರ್ಕಾರ ಕದಲುವಂತಿರಲಿಲ್ಲ. ಲಿಸ್ಬನ್ನಿನಲ್ಲಿ ಸರ್ಕಾರ ಬದಲಾದರೆ ಗೋವೆಯವನ ಬದುಕು ಅವನ ಅನುಮತಿಯಿಲ್ಲದೆಯೇ ತಲೆಕೆಳಗಾಗುತ್ತಿದ್ದಿತು. 1822ರಲ್ಲಿ ಹಕ್ಕನ್ನು ಕೊಟ್ಟವರೂ, 1930ರಲ್ಲಿ ಕಿತ್ತುಕೊಂಡವರೂ, 1951ರಲ್ಲಿ ಹೆಸರನ್ನು ಬದಲಾಯಿಸಿದವರೂ ಒಂದು ಸಲವಾದರೂ ಮಾಂಡವಿಯ ತೀರದವರ ಒಪ್ಪಿಗೆಯನ್ನು ಕೇಳಲಿಲ್ಲ. ಕೊಡುವುದಕ್ಕೂ ಕಸಿಯುವುದಕ್ಕೂ ಅಧಿಕಾರ ಎಲ್ಲಿಯವರೆಗೆ ಬೇರೆಯವರ ಕೈಯಲ್ಲೇ ಉಳಿದಿರುವುದೋ ಅಲ್ಲಿಯವರೆಗೆ ಕೊಟ್ಟದ್ದು ಉದಾರವಾದರೂ ನಾಡು ವಸಾಹತೇ.

ಅನ್ಯೋನ್ಯದ ಮಾತಿಗೆ ಪೋರ್ಚುಗಲ್ಲಿನವರೇ ಆದ ಒಬ್ಬ ವಿದ್ವಾಂಸರು ಕೊಟ್ಟ ಸಾಕ್ಷ್ಯವೂ ಇದೆ. ಭೂಗೋಳಶಾಸ್ತ್ರಜ್ಞ ಒರ್ಲಾಂದೊ ರಿಬೈರೊ 1955-56ರಲ್ಲಿ ಸರ್ಕಾರದ ಪರವಾಗಿ ಗೋವೆಯಲ್ಲಿ ಸಂಚರಿಸಿ, ತಾವು ಕಂಡ ಸಾಗರೋತ್ತರ ಪ್ರದೇಶಗಳಲ್ಲೆಲ್ಲ ಪೋರ್ಚುಗೀಸ್ ಸ್ವಭಾವ ಅತ್ಯಂತ ಕಡಿಮೆಯಾಗಿರುವುದು ಇಲ್ಲಿಯೇ ಎಂದೂ, ಪೋರ್ಚುಗೀಸ್ ಭಾಷೆಯನ್ನು ಬಲ್ಲವರು ವಿರಳವೆಂದೂ ಗೋಪ್ಯವರದಿಯಲ್ಲಿ ತಿಳಿಸಿದರು. ನ್ಯೂಯಾರ್ಕಿನಲ್ಲಿ ಪೋರ್ಚುಗಲ್ಲಿನ ಪ್ರತಿನಿಧಿಗಳು ಇದಕ್ಕೆ ವಿರುದ್ಧವಾದುದನ್ನು ಹೇಳುತ್ತಿದ್ದಾಗ ಆ ವರದಿ ಲಿಸ್ಬನ್ನಿನ ಕಡತಗಳಲ್ಲಿ ಕುಳಿತಿದ್ದಿತು. ಅದು ಅಚ್ಚಾಗಿ ಹೊರಬಂದುದು 1999ರಲ್ಲಿ.

ಗೋವೆಯೊಳಗಿನ ಜನ ಈ ವರದಿಗಾಗಿ ಕಾಯಬೇಕಾಗಿರಲಿಲ್ಲ. ತ್ರಿಸ್ತಾವೊ ಬ್ರಗಾನ್ಸ ಕುನ್ಯರು 1928ರಲ್ಲಿಯೇ ಗೋವಾ ಕಾಂಗ್ರೆಸ್ ಸಮಿತಿಯನ್ನು ಸ್ಥಾಪಿಸಿದ್ದರು. 1946ರ ಜೂನ್ 18ರಂದು, ಸೆರೆಮನೆಯಿಂದ ಬಿಡುಗಡೆಯಾಗಿ ಗೆಳೆಯ ಜುಲಿಯಾವೊ ಮೆನೆಜಿಸರ ಮನೆಗೆ ವಿಶ್ರಾಂತಿಗೆಂದು ಬಂದಿದ್ದ ರಾಮಮನೋಹರ ಲೋಹಿಯಾ, ನಿಷೇಧಾಜ್ಞೆಯನ್ನು ಮುರಿದು ಮಡಗಾಂವಿಯಲ್ಲಿ ಸಭೆಯನ್ನುದ್ದೇಶಿಸಿ ಮಾತನಾಡಿದರು. ಕುನ್ಯರನ್ನು ಸೈನಿಕ ನ್ಯಾಯಾಲಯದ ಮುಂದೆ ನಿಲ್ಲಿಸಿ, ಎಂಟು ವರ್ಷಗಳ ಶಿಕ್ಷೆ ವಿಧಿಸಿ, ಪೋರ್ಚುಗಲ್ಲಿನ ಪೆನಿಷ್ ಕೋಟೆಗೆ ಸಾಗಿಸಿದರು. 1954ರಲ್ಲಿ ದಮನ್‌ನ ಒಳನಾಡಿನಲ್ಲಿದ್ದ ಪೋರ್ಚುಗೀಸ್ ಸೀಮೆಗಳಾದ ದಾದ್ರಾ ಮತ್ತು ನಗರಹವೇಲಿಗಳು ಸ್ವಯಂಸೇವಕರ ಕೈಗೆ ಬಂದುವು. ಮರುವರ್ಷ ಸತ್ಯಾಗ್ರಹದ ತಂಡಗಳು ಗಡಿಯನ್ನು ದಾಟಿದುವು. ಬೆಳಗಾವಿ ಅದಕ್ಕೆ ಬೀಡಾಯಿತು. ನರಗುಂದದ ಜಗನ್ನಾಥರಾವ್ ಜೋಶಿಯವರು ಒಂದು ತಂಡದ ಮುಂದಾಳಾಗಿ ಒಳಹೊಕ್ಕು ಪೆಟ್ಟುತಿಂದು ಗೋವೆಯ ಸೆರೆಮನೆಯನ್ನು ಕಂಡರು. 1955ರ ಆಗಸ್ಟ್ 15ರಂದು ಬರಿಗೈಯ ಸತ್ಯಾಗ್ರಹಿಗಳ ಮೇಲೆ ಪೋರ್ಚುಗೀಸ್ ಪೊಲೀಸರು ಗುಂಡು ಹಾರಿಸಿದರು. ಇಪ್ಪತ್ತಕ್ಕೂ ಹೆಚ್ಚು ಮಂದಿ ಮಡಿದರು. ಭಾರತ ರಾಜತಾಂತ್ರಿಕ ಸಂಬಂಧವನ್ನು ಕಡಿದುಕೊಂಡಿತು. ಮುರಗಾಂವ ಬಂದರಿನಿಂದ ಘಟ್ಟವನ್ನೇರಿ ಬರುತ್ತಿದ್ದ, 1880ರ ದಶಕದಿಂದ ಹುಬ್ಬಳ್ಳಿಯ ಹತ್ತಿಯನ್ನು ಕಡಲಿಗೆ ಮುಟ್ಟಿಸುತ್ತಿದ್ದ ರೈಲು, ಅಂದಿನಿಂದ ನಮ್ಮ ಕ್ಯಾಸಲ್‌ರಾಕಿನಲ್ಲೇ ನಿಂತಿತು. ಭಾರತದ ಈ ದಿಗ್ಬಂಧನದಿಂದ ಸಾಲಜಾರನಿಗಿಂತ ಹೆಚ್ಚಾಗಿ ಬವಣೆಪಟ್ಟವರು ಮುಂಬಯಿಯ ಮನಿಯಾರ್ಡರುಗಳನ್ನು ನಂಬಿದ್ದ ಬಡಕುಟುಂಬಗಳೆಂಬುದನ್ನೂ ಹೇಳದೆ ಬಿಡಬಾರದು.

ಇದೇ ಕಾಲದಲ್ಲಿ ಫ್ರೆಂಚರು ನಡೆದುಕೊಂಡ ರೀತಿಯೇ ಬೇರೆ. ಪುದುಚೇರಿಯನ್ನು ಅವರೂ ತಮ್ಮ ರಾಷ್ಟ್ರಸಮುದಾಯದ ಅಂಗವೆನ್ನುತ್ತಿದ್ದರು. ಆದರೆ ಚಂದ್ರನಗರದ ಜನ 1949ರಲ್ಲಿ ಮತ ಕೊಟ್ಟರು, ಪುದುಚೇರಿಯ ಚುನಾಯಿತ ಪ್ರತಿನಿಧಿಗಳು 1954ರ ಅಕ್ಟೋಬರ್ 18ರಂದು ಕೀಳೂರಿನಲ್ಲಿ ಸೇರಿ, 170ಕ್ಕೆ 8ರ ಬಹುಮತದಿಂದ ಭಾರತವನ್ನು ಸೇರಲು ತೀರ್ಮಾನಿಸಿದರು. ಯುದ್ಧ ಬೇಕಾಗಲಿಲ್ಲ. ಅದೇ ಫ್ರಾನ್ಸ್ ಅಲ್ಜೀರಿಯವನ್ನು ತನ್ನ ಜಿಲ್ಲೆಗಳೆಂದು ಹಠಹಿಡಿದು ಎಂಟು ವರ್ಷದ ಘೋರಯುದ್ಧವನ್ನು ನಡೆಸಿತೆಂಬುದನ್ನು ನೆನೆದರೆ, ಜನವನ್ನು ಕೇಳುವುದಕ್ಕೂ ಕೇಳದಿರುವುದಕ್ಕೂ ಇರುವ ಅಂತರ ಎಷ್ಟು ಪ್ರಾಣಗಳ ಬೆಲೆಯದೆಂಬುದು ತಿಳಿಯುತ್ತದೆ.

ಸದಸ್ಯತ್ವ ದೊರೆತ ಎಂಟೇ ದಿನಗಳಲ್ಲಿ, 1955ರ ಡಿಸೆಂಬರ್ 22ರಂದು, ಪೋರ್ಚುಗಲ್ ಹೇಗ್ ನಗರದ ಅಂತರರಾಷ್ಟ್ರೀಯ ನ್ಯಾಯಾಲಯದಲ್ಲಿ ಭಾರತದ ಮೇಲೆ ದಾವೆ ಹೂಡಿತು: ದಮನ್‌ನಿಂದ ದಾದ್ರಾ, ನಗರಹವೇಲಿಗಳಿಗೆ ಹೋಗುವ ದಾರಿಯ ಹಕ್ಕು ತನಗಿದೆಯೆಂಬುದು ಅದರ ವಾದ. ಕಡತಗಳನ್ನು ಶೋಧಿಸಿದ ನ್ಯಾಯಾಲಯಕ್ಕೆ ಕಂಡುದೇನೆಂದರೆ, ಹದಿನೆಂಟನೆಯ ಶತಮಾನದಲ್ಲಿ ಪೇಶ್ವೆಯವರು ಆ ಗ್ರಾಮಗಳನ್ನು ಕೊಟ್ಟುದು ಸರಂಜಾಮಾಗಿ, ಎಂದರೆ ಅವುಗಳ ಕಂದಾಯವನ್ನು ಅನುಭವಿಸುವುದಕ್ಕೆ ಮಾತ್ರ. ಸಾರ್ವಭೌಮತ್ವ ಅಂದು ಕೈಬದಲಾಗಿರಲಿಲ್ಲ, ಮುಂದೆ ಬ್ರಿಟಿಷರು ಮೌನವಾಗಿ ಒಪ್ಪಿಕೊಂಡುದರಿಂದ ಅದು ನೆಲೆಗೊಂಡಿತು. 1960ರ ಏಪ್ರಿಲ್ 12ರ ತೀರ್ಪು, ಖಾಸಗಿ ಜನಕ್ಕೂ ನಾಗರಿಕ ಅಧಿಕಾರಿಗಳಿಗೂ ಸರಕಿಗೂ ಆ ದಾರಿಯ ಹಕ್ಕಿದ್ದಿತೆಂದೂ, ಸೈನ್ಯಕ್ಕೂ ಸಶಸ್ತ್ರ ಪೊಲೀಸರಿಗೂ ಆಯುಧಗಳಿಗೂ ಇರಲಿಲ್ಲವೆಂದೂ, ಭಾರತ ತನ್ನ ಕರ್ತವ್ಯಕ್ಕೆ ವಿರೋಧವಾಗಿ ನಡೆದಿಲ್ಲವೆಂದೂ ಹೇಳಿತು. ಆಳುವ ಹಕ್ಕು ಯಾರದೆಂಬುದನ್ನು ಹಳೆಯ ಸನದುಗಳು ಹೇಳಬಲ್ಲವು. ಆಳಿಸಿಕೊಳ್ಳುವವರ ಇಚ್ಛೆ ಏನೆಂಬುದನ್ನು ಅವು ಹೇಳಲಾರವು. ಹೇಗ್ ನಗರದಲ್ಲಿ ಆ ಎರಡನೆಯ ಪ್ರಶ್ನೆ ಬರಲೇ ಇಲ್ಲ.

ಅದು ಬಂದುದು ನ್ಯೂಯಾರ್ಕಿನಲ್ಲಿ. ಅಲ್ಲಿ ಬೆಲ್ಜಿಯಮ್ಮಿನ ಪ್ರತಿನಿಧಿಗಳು ಮೊದಲಿನಿಂದಲೂ ಒಂದು ವಾದವನ್ನು ಮುಂದಿಡುತ್ತಿದ್ದರು: ಸ್ವಯಮಾಡಳಿತವಿಲ್ಲದ ಜನ ಸಮುದ್ರದಾಚೆಯಲ್ಲಿ ಮಾತ್ರವೇ ಇದ್ದಾರೆಯೆ? ಸ್ವತಂತ್ರರಾಷ್ಟ್ರಗಳ ಗಡಿಯೊಳಗೇ, ಕಾಡು ಬೆಟ್ಟಗಳಲ್ಲಿ, ಆಳುವವರಿಗಿಂತ ಭಿನ್ನವಾದ ಮೂಲಜನಾಂಗಗಳಿಲ್ಲವೆ? ಅವರ ಯೋಗಕ್ಷೇಮದ ವರದಿಯನ್ನೂ ಏಕೆ ಕೊಡಬಾರದು? ಕಾಂಗೋವನ್ನು ಆಳುತ್ತಿದ್ದವರು ತಮ್ಮ ಮೇಲಣ ದೃಷ್ಟಿಯನ್ನು ಬೇರೆಡೆಗೆ ತಿರುಗಿಸಲೆಂದೇ ಈ ಮಾತನ್ನು ಹೂಡಿದರೆಂಬುದು ನಿಸ್ಸಂಶಯ. ಆದರೂ ಹೇಳಿದವರ ಉದ್ದೇಶ ಕೆಟ್ಟದ್ದೆಂದು ಹೇಳಿದುದೆಲ್ಲ ಸುಳ್ಳಾಗುವುದಿಲ್ಲ. ಭಾರತವೂ ಸೇರಿದಂತೆ ಅನೇಕ ಹೊಸ ರಾಷ್ಟ್ರಗಳು ಈ ಪ್ರಶ್ನೆಯನ್ನು ನೇರವಾಗಿ ಎದುರಿಸದೆ ಪಕ್ಕಕ್ಕೆ ಸರಿಸಿದುವು. ಅದರ ಋಣ ಇನ್ನೂ ತೀರಿಲ್ಲ.

1959ರಲ್ಲಿ ಮಹಾಸಭೆ ಭಾರತ, ಮೆಕ್ಸಿಕೊ, ಮೊರಾಕೊ, ನೆದರ್ಲೆಂಡ್ಸ್, ಬ್ರಿಟನ್, ಅಮೆರಿಕಗಳ ಪ್ರತಿನಿಧಿಗಳುಳ್ಳ ಆರು ಮಂದಿಯ ಸಮಿತಿಯೊಂದನ್ನು ನೇಮಿಸಿ, ಯಾವುದು ವಸಾಹತೆಂಬುದನ್ನು ನಿಶ್ಚಯಿಸುವ ಸೂತ್ರಗಳನ್ನು ರಚಿಸಲು ಹೇಳಿತು. ವಸಾಹತುಗಳನ್ನು ಕಳೆದುಕೊಂಡವರೂ, ಇನ್ನೂ ಇಟ್ಟುಕೊಂಡವರೂ, ವಸಾಹತುಗಳಾಗಿದ್ದವರೂ ಒಂದೇ ಮೇಜಿನ ಸುತ್ತ ಕುಳಿತು ರಚಿಸಿದ ಹನ್ನೆರಡು ಸೂತ್ರಗಳು 1960ರ ಡಿಸೆಂಬರ್ 15ರಂದು 1541ನೆಯ ನಿರ್ಣಯವಾಗಿ ಅಂಗೀಕೃತವಾದುವು. ಆಳುವ ದೇಶದಿಂದ ಭೌಗೋಳಿಕವಾಗಿ ಬೇರ್ಪಟ್ಟು, ಜನಾಂಗದಲ್ಲಿಯೋ ಸಂಸ್ಕೃತಿಯಲ್ಲಿಯೋ ಭಿನ್ನವಾಗಿರುವ ಪ್ರದೇಶ ಮೇಲ್ನೋಟಕ್ಕೆ ವಸಾಹತೆಂದು ನಾಲ್ಕನೆಯ ಸೂತ್ರ ಹೇಳುತ್ತದೆ. ಅಷ್ಟಕ್ಕೇ ನಿಂತಿದ್ದರೆ ಸಮುದ್ರವನ್ನು ಅಳತೆಗೋಲಾಗಿ ಹಿಡಿದಂತಾಗುತ್ತಿದ್ದಿತು. ಐದನೆಯ ಸೂತ್ರದಲ್ಲಿ ತಿರುಳಿದೆ: ಆಡಳಿತ, ರಾಜಕೀಯ, ನ್ಯಾಯ, ಅರ್ಥ, ಇತಿಹಾಸ ಇವುಗಳ ಸಂಬಂಧದಲ್ಲಿ ಆ ಪ್ರದೇಶವನ್ನು ನಿರಂಕುಶವಾಗಿ ಅಧೀನಸ್ಥಿತಿಯಲ್ಲಿ ಇರಿಸಲಾಗಿದೆಯೆ ಎಂಬುದನ್ನು ನೋಡಬೇಕು. ವಸಾಹತುಸ್ಥಿತಿಯಿಂದ ಹೊರಬರುವ ದಾರಿಗಳನ್ನು ಆ ನಿರ್ಣಯ ಮೂರೆಂದಿತು: ಸ್ವತಂತ್ರರಾಜ್ಯವಾಗುವುದು, ಸ್ವತಂತ್ರರಾಜ್ಯವೊಂದರೊಡನೆ ಸ್ವೇಚ್ಛೆಯಿಂದ ಸಹಯೋಗಿಯಾಗಿರುವುದು, ಅಂಥದರಲ್ಲಿ ಪೂರ್ಣಸಮಾನತೆಯಿಂದ ವಿಲೀನವಾಗುವುದು. ವಿಲೀನವಾದರೆ, ಜನ ತಮ್ಮ ಇಚ್ಛೆಯನ್ನು ವಯಸ್ಕ ಮತದಾನದ ಮೂಲಕ ನಿಷ್ಪಕ್ಷಪಾತವಾಗಿ, ತಿಳಿದು, ವ್ಯಕ್ತಪಡಿಸಿರಬೇಕು. ಹಿಂದಿನ ವರ್ಷವಷ್ಟೇ ಹವಾಯಿ, ಅಲಾಸ್ಕಗಳು ಮತದಾನದ ತರುವಾಯ ಅಮೆರಿಕದ ರಾಜ್ಯಗಳಾಗಿ ಪಟ್ಟಿಯಿಂದ ಹೊರಬಿದ್ದಿದ್ದುವು. ಪೋರ್ಚುಗಲ್ 1951ರಲ್ಲಿ ಮಾಡಿದುದೂ ವಿಲೀನವೇ, ತಾನು ಹೇಳಿದಂತೆ. ಆದರೆ ವಿಲೀನಗೊಂಡವರನ್ನು ಕೇಳಿರಲಿಲ್ಲ.

ಅದೇ ದಿನ 1542ನೆಯ ನಿರ್ಣಯ 68 ಮತಗಳಿಗೆ 6ರಂತೆ ಅಂಗೀಕೃತವಾಯಿತು. ಪೋರ್ಚುಗಲ್ ಇಲ್ಲವೆಂದ ಪ್ರದೇಶಗಳನ್ನು ಅದರಲ್ಲಿ ಹೆಸರು ಹೆಸರಾಗಿ ಎಣಿಸಿದರು: ಅಂಗೋಲದಿಂದ ತಿಮೋರಿನವರೆಗೆ ಒಂಬತ್ತು, ಅವುಗಳಲ್ಲಿ ಭಾರತರಾಜ್ಯವೆಂದು ಪೋರ್ಚುಗೀಸರು ಕರೆಯುತ್ತಿದ್ದ ಗೋವೆ ಮತ್ತು ಅದಕ್ಕೆ ಸೇರಿದ ಭಾಗಗಳೂ ಒಂದು. ಸಾಲ ತನಗಿಲ್ಲವೆಂದವನ ಲೆಕ್ಕವನ್ನು ಲೋಕವೇ ಬರೆದುದು ಅಂದು. ಹಿಂದಿನ ದಿನ, ಡಿಸೆಂಬರ್ 14ರಂದು, ವಸಾಹತುಗಳೆಲ್ಲಕ್ಕೂ ಸ್ವಾತಂತ್ರ್ಯ ಸಲ್ಲಬೇಕೆಂಬ 1514ನೆಯ ನಿರ್ಣಯ 89 ಮತಗಳಿಂದ, ವಿರೋಧವಿಲ್ಲದೆ, ಅಂಗೀಕೃತವಾಗಿದ್ದಿತು. ತಟಸ್ಥವಾಗಿ ಉಳಿದ ಒಂಬತ್ತು ದೇಶಗಳಲ್ಲಿ ಪೋರ್ಚುಗಲ್ಲೂ ಒಂದು.

ಸಾಲಜಾರ್ ಒಂದು ಅಕ್ಷರವನ್ನೂ ಒಪ್ಪಲಿಲ್ಲ. ಮರುವರ್ಷ ನವೆಂಬರಿನಲ್ಲಿ ಕಾರವಾರದ ಎದುರಿಗಿನ ಅಂಜದೀವ ದ್ವೀಪದಿಂದ ಪೋರ್ಚುಗೀಸರು ಭಾರತದ ಪ್ರಯಾಣಿಕ ಹಡಗಿನ ಮೇಲೂ ಮೀನುಗಾರರ ಮೇಲೂ ಗುಂಡು ಹಾರಿಸಿದರು. ಡಿಸೆಂಬರ್ 17ರ ರಾತ್ರಿಯಿಂದ 19ರವರೆಗೆ ನಡೆದ ಕಾರ್ಯಾಚರಣೆ ಎಲ್ಲರಿಗೂ ತಿಳಿದುದೇ: ಸೈನ್ಯ ಬೆಳಗಾವಿಯಲ್ಲಿ ನೆರೆದುದು, ‘ಮೈಸೂರು’ ಎಂಬ ಹೆಸರಿನ ಯುದ್ಧನೌಕೆಯ ಬೆಂಬಲದಲ್ಲಿ ಅಂಜದೀವದ ಮೇಲಿಳಿದ ನಾವಿಕರಲ್ಲಿ ಏಳು ಮಂದಿ ಮಡಿದುದು, ಕಡೆಯವರೆಗೂ ಕಾದಾಡಿ ಸಾಯಬೇಕೆಂದು ಸಾಲಜಾರ್ ಕಳುಹಿಸಿದ ಆಜ್ಞೆಯನ್ನು ಗೌರ್ನರ್ ಜನರಲ್ ವಸ್ಸಾಲೊ ಇ ಸಿಲ್ವ ಪಾಲಿಸದೆ ಶರಣಾಗಿ ಸಾವಿರಾರು ಪ್ರಾಣಗಳನ್ನೂ ಗೋವೆಯ ಊರುಗಳನ್ನೂ ಉಳಿಸಿದುದು. ಆ ಸೇನಾನಿಯನ್ನು ಅವನ ದೇಶ ಸೈನ್ಯದಿಂದ ಹೊರಹಾಕಿತು. ನಾವಾದರೂ ಅವನನ್ನು ಕೃತಜ್ಞತೆಯಿಂದ ನೆನೆಯಬೇಕು. ಭದ್ರತಾ ಮಂಡಳಿಯಲ್ಲಿ ಭಾರತ ಸೈನ್ಯವನ್ನು ಹಿಂದಕ್ಕೆ ಕರೆಯಬೇಕೆಂಬ ಕರಡು ನಿರ್ಣಯಕ್ಕೆ ಏಳು ಮತ ಬಿದ್ದುವು, ವಿರೋಧವಾಗಿ ನಾಲ್ಕು. ರಷ್ಯದ ನಿಷೇಧಾಧಿಕಾರದಿಂದ ಅದು ಬಿದ್ದುಹೋಯಿತು. ವಸಾಹತೆಂದು ಲೋಕವೇ ಹೇಳಿದ ನೆಲದ ಗಡಿಯನ್ನು ದಾಟಿದುದು ಆಕ್ರಮಣವಲ್ಲವೆಂದು ಭಾರತದ ಪ್ರತಿನಿಧಿ ಸಿ. ಎಸ್. ಝಾ ವಾದಿಸಿದರು. ಆ ವಾದ ನನಗೆ ಒಪ್ಪಿಗೆ. ಆದರೆ ಬಲಪ್ರಯೋಗವಿಲ್ಲದೆ ಇದು ಮುಗಿದಿದ್ದರೆ ಗಾಂಧೀಜಿಯ ನಾಡಿಗೆ ಇನ್ನೂ ಹೆಚ್ಚಿನ ಗೌರವವಾಗುತ್ತಿದ್ದಿತೆಂಬ ವ್ಯಥೆಯೂ ಉಳಿದಿದೆ.

ಪಟ್ಟಿಯ ಒಂಬತ್ತು ಹೆಸರುಗಳಿಗೂ ಒಂದೊಂದು ಗತಿಯಾಯಿತು. ದಾಹೊಮೆಯ ಕಡಲದಡದಲ್ಲಿ ಒಂದು ಕೋಟೆಯಷ್ಟೇ ವಿಸ್ತಾರವಾಗಿದ್ದ ಅಜುದಾ 1961ರ ಆಗಸ್ಟಿನಲ್ಲಿಯೇ ಆ ದೇಶಕ್ಕೆ ಸೇರಿತು. ಆಫ್ರಿಕಾದ ಐದು ನಾಡುಗಳು ದೀರ್ಘಯುದ್ಧಗಳ ತರುವಾಯ, 1974ರಲ್ಲಿ ಪೋರ್ಚುಗಲ್ಲಿನ ಸೈನಿಕರೇ ಸರ್ವಾಧಿಕಾರವನ್ನು ಉರುಳಿಸಿದ ಮೇಲೆ, ಸ್ವತಂತ್ರವಾದುವು. ಮಕಾವ್ ವಸಾಹತಲ್ಲ, ತನ್ನದೇ ನೆಲವೆಂದು ಚೀನ ಹೇಳಿದುದರಿಂದ 1972ರಲ್ಲಿ ಅದರ ಹೆಸರು ಪಟ್ಟಿಯಿಂದ ಹೋಯಿತು. ಅಲ್ಲಿನ ಜನವನ್ನು ಯಾರೂ ಕೇಳಲಿಲ್ಲ. ತಿಮೋರನ್ನು 1975ರಲ್ಲಿ ಇಂಡೊನೇಷ್ಯ ಆಕ್ರಮಿಸಿ ತನ್ನ ಪ್ರಾಂತವೆಂದು ಘೋಷಿಸಿತು. ಅಲ್ಲಿನವರು 1999ರಲ್ಲಿ ಮತಪೆಟ್ಟಿಗೆಯ ಬಳಿಗೆ ಹೋಗುವ ತನಕ ಪಟ್ಟಿಯಲ್ಲಿ ಅದರ ಹೆಸರು ಹಾಗೆಯೇ ಇದ್ದಿತು. ಬಿಡುಗಡೆ ಮಾಡಿದೆನೆನ್ನುವವನನ್ನೂ ಅದೇ ಅಳತೆಯಿಂದ ಅಳೆಯಬೇಕೆಂಬುದು ಇವೆರಡರಿಂದ ತಿಳಿಯುತ್ತದೆ. ಭಾರತ ಆ ಅಳತೆಗೆ ಹೊರತಲ್ಲ.

ಭಾರತದಲ್ಲಿ ಇರಬೇಕೋ ಬೇಡವೋ ಎಂದು ಗೋವೆಯವರನ್ನು 1961ರಲ್ಲಿ ಕೇಳಲಿಲ್ಲ. 1963ರಲ್ಲಿ ವಯಸ್ಕ ಮತದಾನದಿಂದ ವಿಧಾನಸಭೆ ರಚಿತವಾಗಿ ದಯಾನಂದ ಬಾಂದೋಡಕರರು ಮುಖ್ಯಮಂತ್ರಿಯಾದರು. ಅವರ ಪಕ್ಷ ಗೋವೆ ಮಹಾರಾಷ್ಟ್ರದಲ್ಲಿ ವಿಲೀನವಾಗಬೇಕೆಂದು ಹೇಳುತ್ತಿದ್ದಿತು. ಆ ಪ್ರಶ್ನೆಯನ್ನು ದೆಹಲಿಯಲ್ಲಿ ತೀರ್ಮಾನಿಸದೆ ಜನರ ಮುಂದೆಯೇ ಇಟ್ಟರು. ಪೋರ್ಚುಗಲ್ 1974ರ ಡಿಸೆಂಬರ್ 31ರ ಒಪ್ಪಂದದಲ್ಲಿ ಭಾರತದ ಸಾರ್ವಭೌಮತ್ವವನ್ನು ಒಪ್ಪಿಕೊಳ್ಳುವುದಕ್ಕೆ ಸುಮಾರು ಎಂಟು ವರ್ಷ ಮೊದಲೇ, 1967ರ ಜನವರಿ 16ರಂದು, ತಮ್ಮ ನಾಡಿನ ಸ್ಥಾನವೇನಾಗಬೇಕೆಂಬುದನ್ನು ಗೋವೆ, ದಮನ್, ದೀವ್‌ಗಳ ಮತದಾರರು ಮತಪತ್ರದ ಮೇಲೆ ಬರೆದು ತಿಳಿಸಿದರು. ಮಹಾರಾಷ್ಟ್ರದೊಡನೆ ಸೇರಬೇಕೆಂದವರು 1,38,170 ಮಂದಿ. ಪ್ರತ್ಯೇಕವಾಗಿಯೇ ಉಳಿಯಬೇಕೆಂದವರು 1,72,191 ಮಂದಿ.